ರಿಪೋರ್ಟಿನ ಆ ಒಂದು ಸಾಲನ್ನು ಓದುವುದು ಹೇಗೆ?

ರಕ್ತದ ಕ್ಯಾನ್ಸರ್ ಅನುಮಾನ ಬಂದರೆ ಬೋನ್ ಮ್ಯಾರೋ (ಮೂಳೆಯೊಳಗಿನ ಮಜ್ಜೆ) ತೆಗೆದು ಕ್ಯಾರಿಯೋಟೈಪ್, ಅಂದರೆ ವರ್ಣತಂತುಗಳನ್ನು ಎಣಿಸಿ ನೋಡುವ ಪರೀಕ್ಷೆಗೂ ಕಳಿಸುತ್ತಾರೆ. ರಿಪೋರ್ಟಿನಲ್ಲಿ ಹೀಗೊಂದು ಸಾಲು ಇರಬಹುದು:

46,ಎಕ್ಸ್‌ವೈ,ಟಿ(9;22)(ಕ್ಯೂ34;ಕ್ಯೂ11)[20]

ನೋಡಿದ ಕೂಡಲೇ ಗಾಬರಿಯಾಗುತ್ತದೆ, ಅಲ್ವಾ? ಬಿಡಿಸಿ ಓದೋಣ.

ಮೊದಲು 46. ವರ್ಣತಂತುಗಳ ಲೆಕ್ಕ ಸರಿಯಾಗಿದೆ. ಎಕ್ಸ್‌ವೈ ಅಂದರೆ ಗಂಡಸು. ಇಲ್ಲಿವರೆಗೆ ಕಾಯಿಲೆಯ ಮಾತಿಲ್ಲ.

ಟಿ ಬಂದಾಗ ನಿಧಾನಿಸಿ. ಟಿ ಅಂದರೆ ಟ್ರಾನ್ಸ್‌ಲೊಕೇಶನ್, ತುಂಡುಗಳ ಅದಲುಬದಲು. 9ನೇ ವರ್ಣತಂತುವಿನ ಚೂರು ಮುರಿದು 22ಕ್ಕೆ ಅಂಟಿದೆ, 22ರದ್ದು 9ಕ್ಕೆ ಹೋಗಿದೆ. ಕ್ಯೂ ಅಂದರೆ ವರ್ಣತಂತುವಿನ ಉದ್ದ ತೋಳು. 34, 11 ಮುರಿದ ಜಾಗದ ನಂಬರುಗಳು. ಹೀಗೆ ಎಬಿಎಲ್ ಜೀನ್ ಹೋಗಿ ಬಿಸಿಆರ್ ಜೀನಿಗೆ ಅಂಟಿಕೊಳ್ಳುತ್ತದೆ. ಈ ಜೋಡಿಯಿಂದ ಬರುವ ಪ್ರೋಟೀನ್ ಬಿಳಿ ರಕ್ತಕಣಗಳನ್ನು ಸುಮ್ನೆ ಬಿಡುವುದಿಲ್ಲ, ಹೆಚ್ಚುತ್ತಲೇ ಇರುವಂತೆ ಮಾಡುತ್ತದೆ. ನಿಧಾನವಾಗಿ ಬೆಳೆಯುವ ರಕ್ತದ ಕ್ಯಾನ್ಸರ್ ಆದ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾದ ಗುರುತು ಇದೇ. ಕೆಲವು ಅಕ್ಯೂಟ್ (ಬೇಗ ಬೆಳೆಯುವ) ಲ್ಯುಕೇಮಿಯಾಗಳಲ್ಲೂ ಸಿಗುತ್ತದೆ.

1960ರಲ್ಲಿ ಫಿಲಡೆಲ್ಫಿಯಾದ ವಿಜ್ಞಾನಿಗಳಾದ ಪೀಟರ್ ನೋವೆಲ್, ಡೇವಿಡ್ ಹಂಗರ್‌ಫೋರ್ಡ್ ಈ ಕಾಯಿಲೆಯವರ ಕೋಶಗಳಲ್ಲಿ ಕಂಡದ್ದು ಗಿಡ್ಡವಾದ ಒಂದು ವರ್ಣತಂತು ಮಾತ್ರ. ಚೂರು ಎಲ್ಲಿ ಹೋಯಿತೆಂದು 1973ರಲ್ಲಿ ತೋರಿಸಿದವರು ಷಿಕಾಗೋದ ಜಾನೆಟ್ ರೌಲಿ. ಮನೆಯ ಊಟದ ಮೇಜಿನ ಮೇಲೆ ವರ್ಣತಂತುಗಳ ಫೋಟೋ ಕತ್ತರಿಸಿ ಜೋಡಿಸಿ ನೋಡುತ್ತಿದ್ದರು. ಇವತ್ತು ಇಮ್ಯಾಟಿನಿಬ್ ಮಾತ್ರೆ ತಡೆಯುವುದು ಈ ಜೋಡಿ ಜೀನಿನ ಪ್ರೋಟೀನನ್ನೇ. ಆ ತಾಳ್ಮೆಯ ಕೆಲಸ ಎಷ್ಟು ಜನರನ್ನು ಉಳಿಸಿದೆ ಅಂತ ಯೋಚಿಸಿದರೆ ಮನಸ್ಸು ತುಂಬುತ್ತದೆ.

ಕೊನೆಗೆ [20]. ಲ್ಯಾಬಿನಲ್ಲಿ 20 ಜೀವಕೋಶ ನೋಡಿದ್ದಾರೆ, ಎಲ್ಲದರಲ್ಲೂ ಇದೇ ಬದಲಾವಣೆ. ಅಲ್ಲಿ [12] ಇದ್ದು, ಓರೆಗೆರೆ ಎಳೆದು 46,ಎಕ್ಸ್‌ವೈ[8] ಅಂತ ಬರೆದಿದ್ದರೆ ಎಂಟು ಕೋಶಗಳು ಸರಿಯಾಗಿವೆ.

ಕ್ಯಾರಿಯೋಟೈಪ್ ನಾರ್ಮಲ್ ಬಂದೂ ಡಾಕ್ಟರಿಗೆ ಅನುಮಾನ ಉಳಿದರೆ ಫಿಶ್ ಅಥವಾ ಪಿಸಿಆರ್ ಎಂಬ ಜೀನ್ ಪರೀಕ್ಷೆ ಮಾಡಿಸುತ್ತಾರೆ. ಫಿಶ್‌ನಲ್ಲಿ ಒಂದು ಜೀನಿಗೆ ಕೆಂಪು ಬಣ್ಣ, ಇನ್ನೊಂದಕ್ಕೆ ಹಸಿರು. ಕತ್ತಲಲ್ಲಿ ಎರಡು ಚುಕ್ಕೆ ಒಂದರ ಮೇಲೊಂದು ಕೂತು ಹಳದಿಯಾಗಿ ಹೊಳೆದರೆ ಜೀನುಗಳು ಅಂಟಿಕೊಂಡಿವೆ ಎಂಬ ಸೂಚನೆ. ಪಿಸಿಆರ್ ಈ ಜೋಡಿ ಜೀನಿನ ಪ್ರಮಾಣ ಎಷ್ಟಿದೆ ಅಂತಲೂ ಹೇಳುತ್ತದೆ. ಚಿಕಿತ್ಸೆ ಶುರುವಾದ ಮೇಲೆ ಪಿಸಿಆರ್ ಅನ್ನು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಮಾಡಿಸಬೇಕು. ಹಳೆಯ ರಿಪೋರ್ಟುಗಳನ್ನು ದಯವಿಟ್ಟು ಬಿಸಾಡಬೇಡಿ, ಹೋಲಿಸಿ ನೋಡಲು ಬೇಕೇ ಬೇಕು.

ಇನ್ನೊಂದು ಸಾಲು ಗೊತ್ತಿರಲಿ: ಟಿ(15;17). ಇದು ಅಕ್ಯೂಟ್ ಪ್ರೊಮೈಲೋಸೈಟಿಕ್ ಲ್ಯುಕೇಮಿಯಾದ್ದು. ಇದರಲ್ಲಿ ರಕ್ತಸ್ರಾವದ ಭಯ ಜಾಸ್ತಿ. ಹಾಗಾಗಿ ಅನುಮಾನ ಬಂದ ಕೂಡಲೇ, ಈ ರಿಪೋರ್ಟಿಗೂ ಕಾಯದೆ, ಡಾಕ್ಟರು ಎಟಿಆರ್‌ಎ ಮಾತ್ರೆ ಶುರು ಮಾಡುತ್ತಾರೆ.