ಹೊಸದಾಗಿ ಯೂನಿಟ್ ವಹಿಸಿಕೊಂಡ ಡಾಕ್ಟರಿಗೆ

14 ವರ್ಷ ರೋಗಿಗಳನ್ನು ನೋಡಿದ ಮೇಲೆ ನನ್ನನ್ನು ಯೂನಿಟ್ ಮುಖ್ಯಸ್ಥೆ ಮಾಡಿದರು. ಇಸಿಜಿ ಓದಲು ಬರುತ್ತಿತ್ತು, ಡ್ಯೂಟಿ ಪಟ್ಟಿ ಹಾಕಲು ಬರುತ್ತಿರಲಿಲ್ಲ.

ನೀವು ಮೊದಲು ಆ ಪಟ್ಟಿಗೇ ಕೈ ಹಾಕಿ. ರಜಾದಿನದ ರಾತ್ರಿ ಯಾರಿಗೆ ಬೀಳುತ್ತೆ, ಯಾರು ಪ್ರತಿ ಸಲ ನುಣುಚಿಕೊಳ್ಳುತ್ತಾರೆ ಅನ್ನೋ ಲೆಕ್ಕ ಎಲ್ಲರ ಮನಸ್ಸಲ್ಲೂ ಇರುತ್ತೆ. ಹಿಂದಿನ 6 ತಿಂಗಳ ಪಟ್ಟಿ ತೆಗೆದು ಯಾರು ಎಷ್ಟು ರಾತ್ರಿ ಮಾಡಿದ್ದಾರೆ ಅಂತ ಎಣಿಸಿ, ಗೋಡೆಗೆ ಅಂಟಿಸಿ. ನಿಮ್ಮ ಹೆಸರೂ ಅದರಲ್ಲಿರಲಿ.

ಆಮೇಲೆ ಫೋನ್. ಇಲ್ಲಿ ನಾನೇ ಎಡವಿದೆ. ಒಂದು ರಾತ್ರಿ 2 ಗಂಟೆಗೆ ಜೂನಿಯರ್ ಒಬ್ಬ ಸಣ್ಣ ವಿಷಯಕ್ಕೆ ಫೋನ್ ಮಾಡಿದ. "ಇಷ್ಟಕ್ಕೆಲ್ಲ ಎಬ್ಬಿಸ್ತೀಯಾ?" ಅಂದುಬಿಟ್ಟೆ. ಮುಂದಿನ ವಾರ ಹೃದಯದ ರೋಗಿಯೊಬ್ಬರ ರಕ್ತದ ಪೊಟ್ಯಾಸಿಯಂ 6.8 ಬಂತು, ಹೃದಯಕ್ಕೆ ಅಪಾಯವಾಗುವಷ್ಟು ಜಾಸ್ತಿ. ಸ್ಯಾಂಪಲ್ ಕೆಟ್ಟಿರಬೇಕು, ಬೆಳಿಗ್ಗೆ ಇನ್ನೊಂದು ಕಳಿಸೋಣ ಅಂತ ಅದೇ ಜೂನಿಯರ್ ನನಗೆ ಫೋನ್ ಮಾಡದೆ ಕಾದ. ರೌಂಡ್ಸ್ ಹೊತ್ತಿಗೆ ಇಸಿಜಿಯಲ್ಲಿ ಟಿ ಅಲೆಗಳು ಚೂಪಾಗಿ ಎದ್ದಿದ್ದವು, ಪೊಟ್ಯಾಸಿಯಂ ಹೃದಯಕ್ಕೆ ತಟ್ಟಿದ ಗುರುತು ಅದು. ಕ್ಯಾಲ್ಸಿಯಂ ಗ್ಲುಕೋನೇಟ್, ಇನ್ಸುಲಿನ್, ಗ್ಲೂಕೋಸ್ ಕೊಟ್ಟೆವು. ರೋಗಿ ಉಳಿದರು. ತಪ್ಪು ಅವನದ್ದಾ? ಅರ್ಧಕ್ಕಿಂತ ಜಾಸ್ತಿ ನನ್ನದು.

ಈಗ ಯಾವಾಗ ಎಬ್ಬಿಸಲೇಬೇಕು ಅಂತ ಬರೆದು ನರ್ಸ್‌ಗಳ ಮೇಜಿನ ಮೇಲೆ ಇಟ್ಟಿದ್ದೇನೆ. ಕೊನೆಯ ಸಾಲು: "ಏನೋ ಸರಿಯಿಲ್ಲ ಅನ್ನಿಸಿದರೆ". ಜಾಸ್ತಿ ಫೋನ್ ಬರೋದು ಅದೇ ಸಾಲಿನಿಂದ. ಫೋನ್ ಎತ್ತಿದಾಗ ನನ್ನ ಮೊದಲ ಮಾತು, "ಮಾಡಿದ್ದು ಒಳ್ಳೇದಾಯ್ತು, ಹೇಳು." ನಿದ್ದೆಗಣ್ಣಲ್ಲಿ ಹಾಗನ್ನೋದು ಸುಲಭ ಅಲ್ಲ, ಅಭ್ಯಾಸ ಮಾಡಬೇಕು.

ಫೋನಲ್ಲಿ ವಿಷಯ ಹೇಳೋ ರೀತಿಗೆ ನಾಲ್ಕು ಪ್ರಶ್ನೆಗಳ ಎಸ್‌ಬಾರ್ ಕಲಿಸಿ. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗೆ ಬಂದ ಪದ್ಧತಿ ಅದು. ಈಗೇನಾಗಿದೆ, ಹಿನ್ನೆಲೆ ಏನು, ನಿನಗೇನನ್ನಿಸುತ್ತೆ, ನನ್ನಿಂದ ಏನಾಗಬೇಕು. ಮೂರನೆಯದನ್ನು ಜೂನಿಯರ್‌ಗಳು ಹಾರಿಸುತ್ತಾರೆ. ಬಿಡಬೇಡಿ, ಕೇಳಿ, ಉತ್ತರ ಬರೋವರೆಗೆ ಸುಮ್ನಿರಿ.

ಆಪರೇಷನ್ ಥಿಯೇಟರಿನಿಂದಲೂ ಒಂದು ಎರವಲು ತಂದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ 19 ಅಂಶಗಳ ಸುರಕ್ಷತಾ ಪಟ್ಟಿಯಲ್ಲಿ, ಕೊಯ್ಯುವ ಮೊದಲು ಎಲ್ಲರೂ ತಮ್ಮ ಹೆಸರು, ಕೆಲಸ ಹೇಳಬೇಕು. 8 ಆಸ್ಪತ್ರೆಗಳಲ್ಲಿ ಆ ಪಟ್ಟಿ ಬಳಸಿ ನೋಡಿದಾಗ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿದಿತ್ತು. ಹೆಸರು ಹೇಳೋದು ಬರೀ ಶಿಷ್ಟಾಚಾರ ಅಂದುಕೊಂಡಿದ್ದೆ. ಸೋಮವಾರದ ರೌಂಡ್ಸ್‌ನಲ್ಲಿ ಶುರು ಮಾಡಿದ ಮೂರನೇ ವಾರ, ಅದುವರೆಗೆ ಬಾಯಿ ಬಿಡದ ನರ್ಸ್ ಒಬ್ಬರು, "ಡಾಕ್ಟ್ರೇ, ಇವರಿಗೆ ಪೆನಿಸಿಲಿನ್ ಅಲರ್ಜಿ" ಅಂದರು. ನಾನಾಗಲೇ ಪೆನಿಸಿಲಿನ್ ಜಾತಿಯದೇ ಆದ ಅಮಾಕ್ಸಿಸಿಲಿನ್ ಬರೆಯುತ್ತಿದ್ದೆ.

ಮ್ಯಾನೇಜ್‌ಮೆಂಟ್ ಕೋರ್ಸ್ ಮಾಡಬೇಕಾ? ಮಾಡಿ, ತಪ್ಪಿಲ್ಲ. ಬಜೆಟ್ ಓದೋದನ್ನಂತೂ ಅಕೌಂಟ್ಸ್‌ನವರ ಪಕ್ಕ ಕೂತೇ ಕಲಿಯಬಹುದು.

ಸಮಿತಿಗಳಿಗೆ ಕರೆ ಬರುತ್ತೆ. ಒಂದನ್ನು ಒಪ್ಪಿಕೊಳ್ಳಿ, ಸಾಕು. ಒಪಿಡಿ ಮಾತ್ರ ಪೂರ್ತಿ ಬಿಡಬೇಡಿ. ನನ್ನದು ಗುರುವಾರ. ಅವತ್ತು ಮೀಟಿಂಗ್ ಇಟ್ಟರೆ ನಾನು ಹೋಗೋದಿಲ್ಲ.