ಮಣ್ಣಿನ ಜೊತೆಗೆ ಲೆಕ್ಕವೂ ಬೇಕು: ಸಾವಯವ ಕೃಷಿಯಲ್ಲಿ ನನ್ನ ಅನುಭವ

ರಾಸಾಯನಿಕ ಗೊಬ್ಬರ ಬಿಟ್ಟ ಮೊದಲ ವರ್ಷ ನನ್ನನ್ನು ಹೆದರಿಸಿದ್ದು ಹುಳವೂ ಅಲ್ಲ, ರೋಗವೂ ಅಲ್ಲ. ಕೈಯಲ್ಲಿ ಕಾಸಿಲ್ಲದ ತಿಂಗಳುಗಳು. ಇಳುವರಿ ಇಳಿಯಿತು, ಕಳೆ ಕೀಳಿಸುವ ಕೂಲಿ ಜಾಸ್ತಿಯಾಯಿತು. ಸಿಕ್ಕ ದರ ಮಾತ್ರ ಎಲ್ಲರಿಗೂ ಸಿಗುವ ಅದೇ ದರ. ಸಾವಯವ ಅಂತ ಹೇಳಿ ಮಾರಲು ಪ್ರಮಾಣಪತ್ರ ಬೇಕಲ್ವಾ? ಅದಕ್ಕೆ ಕಾಯಬೇಕು. ಅಮೆರಿಕದ ನಿಯಮದಲ್ಲಿ 36 ತಿಂಗಳು. ಯುರೋಪಿನಲ್ಲಿ ವಾರ್ಷಿಕ ಬೆಳೆಗಳಿಗೆ ಬಿತ್ತುವ ಮುಂಚೆ 2 ವರ್ಷ, ಬಹುವಾರ್ಷಿಕ ಬೆಳೆಗಳಿಗೆ ಮೊದಲ ಕೊಯ್ಲಿಗೆ ಮುಂಚೆ 3 ವರ್ಷ. ಖರ್ಚು ಇವತ್ತೇ ಶುರು, ಒಳ್ಳೆಯ ಬೆಲೆ ಎರಡು-ಮೂರು ವರ್ಷದ ಆಚೆ. ಈ ನಡುವಿನ ಕಾಲ ದಾಟುವುದೇ ದೊಡ್ಡ ಕಷ್ಟ ಅಂತ ಗೊತ್ತಾಗಿದ್ದು ಅದರೊಳಗೆ ಇಳಿದ ಮೇಲೆ.

ಇಡೀ ಜಮೀನನ್ನು ಒಂದೇ ಸಲಕ್ಕೆ ಬದಲಾಯಿಸಿದ್ದು ನನ್ನ ತಪ್ಪು. ಕಾಲು ಭಾಗದಿಂದ ಶುರು ಮಾಡಿದ್ದರೆ ಉಳಿದ ಮುಕ್ಕಾಲು ಭಾಗ ಮನೆ ಖರ್ಚನ್ನು ನೋಡಿಕೊಳ್ಳುತ್ತಿತ್ತು.

ಎರಡನೇ ವರ್ಷ ಒಂದು ದಪ್ಪ ನೋಟ್‌ಬುಕ್ ತಂದೆ. ಒಂದೊಂದು ತಾಕಿಗೆ ಒಂದೊಂದು ಪುಟ. ಬೀಜ, ಗೊಬ್ಬರ, ಸಾಗಣೆ, ಕೂಲಿ ಎಲ್ಲ ಬರೆದೆ. ಜೊತೆಗೆ ನಾನು ಮತ್ತು ಹೆಂಡತಿ ದುಡಿದ ಗಂಟೆಗಳನ್ನೂ ಬರೆದೆ. ನಮ್ಮ ದುಡಿಮೆಯನ್ನು ನಾವೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಮೇಲೆ ಲಾಭ ಬಂತು ಅಂತ ಸುಮ್ನೆ ಖುಷಿಪಡುತ್ತೇವೆ.

ವರ್ಷದ ಕೊನೆಗೆ ಟೊಮೆಟೊ ಪುಟ ನೋಡಿ ಎದೆ ಧಸಕ್ಕೆಂದಿತು. ಎಲ್ಲಕ್ಕಿಂತ ಹೆಚ್ಚು ದುಡ್ಡು ತಂದ ಬೆಳೆ ಅದು. ಆದರೆ ಕೋಲು ನೆಡುವುದು, ಕಟ್ಟುವುದು, ಎರಡು ದಿನಕ್ಕೊಮ್ಮೆ ಬಿಡಿಸುವುದು, ಸೀಳು ಬಿಟ್ಟಿದ್ದನ್ನು ಆರಿಸಿ ಬೇರೆ ಇಡುವುದು, ಆ ಗಂಟೆಗಳಿಗೆಲ್ಲ ಕೂಲಿ ಕಟ್ಟಿ ನೋಡಿದರೆ ಕೈಗೆ ಉಳಿದದ್ದು ಏನೂ ಇಲ್ಲ. ಪಕ್ಕದ ಪುಟದಲ್ಲಿ ಕುಂಬಳ. ಬಳ್ಳಿ ಹಬ್ಬಿ ನೆಲ ಮುಚ್ಚಿದ ಮೇಲೆ ಕಳೆಯ ಕಾಟವೂ ಕಡಿಮೆ. ಬಲಿತ ಕಾಯಿಯನ್ನು ತೊಟ್ಟಿನ ಸಮೇತ ಕೊಯ್ದು, ಗಾಳಿಯಾಡುವ ಒಣ ಜಾಗದಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಹಾಗಾಗಿ ದರ ಬಿದ್ದ ವಾರ ಮಾರಲೇಬೇಕೆಂಬ ಗಡಿಬಿಡಿ ಇಲ್ಲ. ಮುಂದಿನ ವರ್ಷ ಟೊಮೆಟೊ ಅರ್ಧಕ್ಕೆ ಇಳಿಯಿತು, ಕುಂಬಳ ಎರಡು ಪಟ್ಟಾಯಿತು. ಅಷ್ಟರಿಂದಲೇ ನಮಗೆ ಉಸಿರಾಡುವಂತಾಯಿತು.

ಖರ್ಚಿನ ಕಡೆ ದೊಡ್ಡ ಉಳಿತಾಯ ಬಂದದ್ದು ಸಾರಜನಕದಲ್ಲಿ. ಯೂರಿಯಾದಲ್ಲಿ 46% ಸಾರಜನಕ ಇರುತ್ತದೆ. ಅದನ್ನು ಬಿಟ್ಟ ಮೇಲೆ ಆ ಜಾಗ ತುಂಬಲು ಗೊಬ್ಬರ ಕೊಳ್ಳುತ್ತಾ ಹೋದರೆ ಚೀಲದ ಹೆಸರು ಬದಲಾಗುತ್ತದೆಯೇ ಹೊರತು ಖರ್ಚು ಇಳಿಯುವುದಿಲ್ಲ. ನಾನು ಎರಡು ಬೆಳೆಗಳ ನಡುವೆ ಹಸಿರೆಲೆ ಗೊಬ್ಬರಕ್ಕೆಂದು, ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿಯುವ ಸೆಣಬು, ಅಲಸಂದೆ ಬಿತ್ತಿದೆ. ಅವು ಕೆಲಸ ಮಾಡುತ್ತಿವೆಯೋ ಇಲ್ಲವೋ ನೋಡುವುದು ಸುಲಭ. ಒಂದು ಗಿಡವನ್ನು ಬೇರು ಹರಿಯದಂತೆ ಅಗೆದು ತೆಗೆಯಿರಿ. ಬೇರಿನ ಗಂಟೊಂದನ್ನು ಉಗುರಿನಿಂದ ಸೀಳಿ. ಒಳಗೆ ನಸುಗೆಂಪು ಇದ್ದರೆ ಗಾಳಿಯ ಸಾರಜನಕ ಗಿಡಕ್ಕೆ ಸೇರುತ್ತಿದೆ ಅಂತ ಅರ್ಥ. ಬಿಳಿ ಅಥವಾ ಹಸಿರು ಇದ್ದರೆ ಇಲ್ಲ. ಮೊದಲ ಸಲ ನನಗೆ ಬಿಳಿಯೇ ಕಂಡಿತ್ತು. ಮುಂದಿನ ಬಿತ್ತನೆಗೆ ಬೀಜಕ್ಕೆ ರೈಜೋಬಿಯಂ, ಅಂದರೆ ಬೇರಿನಲ್ಲಿ ಈ ಗಂಟು ಕಟ್ಟಿಸುವ ಬ್ಯಾಕ್ಟೀರಿಯಾ, ಲೇಪಿಸಿದೆ. ಐದಾರು ವಾರ ಬಿಟ್ಟು ಸೀಳಿದರೆ ಕೆಂಪು! ಆ ದಿನದ ಸಂತೋಷ ಈಗಲೂ ನೆನಪಿದೆ. ಹೂ ಬಿಡುವ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸಿದೆ.

ಮಾರಾಟದಲ್ಲಿ ದಾರಿ ತೋರಿಸಿದ್ದು ಹಳೆಯದೊಂದು ಪದ್ಧತಿ. ಜಪಾನಿನಲ್ಲಿ 1970ರ ದಶಕದಲ್ಲಿ ಗ್ರಾಹಕರು ನೇರವಾಗಿ ರೈತರ ಜೊತೆ ಒಪ್ಪಂದ ಮಾಡಿಕೊಳ್ಳುವ 'ತೇಕೇ' ಬೆಳೆಯಿತು. ಅಮೆರಿಕದಲ್ಲಿ 1986ರಲ್ಲಿ ಎರಡು ಫಾರ್ಮ್‌ಗಳು ಇಂಥದ್ದೇ ಕ್ರಮ ಶುರು ಮಾಡಿದವು. ಗ್ರಾಹಕರು ಹಂಗಾಮಿನ ಆರಂಭದಲ್ಲೇ ದುಡ್ಡು ಕೊಡುತ್ತಾರೆ, ವಾರ ವಾರ ಬೆಳೆದದ್ದರಲ್ಲಿ ಪಾಲು ತೆಗೆದುಕೊಳ್ಳುತ್ತಾರೆ. ಬೆಳೆ ಕೈಕೊಟ್ಟರೆ ನಷ್ಟದಲ್ಲೂ ಪಾಲು. ನಾನು 12 ಮನೆಗಳಿಂದ ಶುರು ಮಾಡಿದೆ. ಬಿತ್ತನೆಗೆ ಬೇಕಾದ ದುಡ್ಡು ಬಿತ್ತನೆಗೆ ಮುಂಚೆಯೇ ಕೈಗೆ ಬಂತು. ಕೈಸಾಲ ನಿಂತಿತು. ಪ್ರಮಾಣಪತ್ರ ಇನ್ನೂ ಬಂದಿರಲಿಲ್ಲ. ಆದರೂ ಅವರೇ ಬಂದು ಹೊಲ ನೋಡಿ ನಂಬಿದರು.

ಇದರಲ್ಲೂ ಪೆಟ್ಟು ತಿಂದೆ. ಮೂರು ವಾರ ಬರೀ ಸೊಪ್ಪು ಕೊಟ್ಟಾಗ ನಾಲ್ಕು ಮನೆಯವರು ಬಿಟ್ಟರು. ಅವರ ಬೇಸರ ನ್ಯಾಯವಾದದ್ದೇ. ಈಗ ಪ್ರತಿ ವಾರ ಕನಿಷ್ಠ ಐದು ಬಗೆ ಇರುವಂತೆ ಕೊಯ್ಲಿನ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿ ಬಿತ್ತನೆ ದಿನ ಗೊತ್ತುಮಾಡುತ್ತೇನೆ. ಹವಾಮಾನ ಕೆಟ್ಟಾಗ ಸಂಕೋಚ ಬಿಟ್ಟು ಮೊದಲೇ ತಿಳಿಸುತ್ತೇನೆ.

ಹೋದ ವರ್ಷ ದಾಸ್ತಾನು ಕೋಣೆಗೆ ಸಾಲ ಕೇಳಲು ಬ್ಯಾಂಕಿಗೆ ಹೋದೆ. ಮೂರು ವರ್ಷದ ನೋಟ್‌ಬುಕ್‌ಗಳನ್ನು ಮೇಜಿನ ಮೇಲಿಟ್ಟೆ. ಅಧಿಕಾರಿ ಕುಂಬಳದ ಪುಟವನ್ನು ಎರಡು ಸಲ ತಿರುವಿ ನೋಡಿದರು. ತಿಂಗಳ ಕಂತು ನಮಗೆ ಆಗಿಬರುವುದಿಲ್ಲ, ದುಡ್ಡು ಬರುವ ತಿಂಗಳು ಯಾವುವು ಅಂತ ಇಲ್ಲೇ ಇದೆ ನೋಡಿ ಎಂದೆ. ಕೊಯ್ಲಾದ ಮೇಲೆ ವರ್ಷಕ್ಕೆ ಎರಡೇ ಕಂತು ಕಟ್ಟುವುದೆಂದು ಒಪ್ಪಂದವಾಯಿತು. ಮೊದಲ ಕಂತು ಕಟ್ಟಿ ಆಗಿದೆ.