ಸಾರ್ವಜನಿಕ ಕಟ್ಟಡಕ್ಕೆ ಸುಸ್ಥಿರ ಚಾವಣಿ: ನೀರಿನ ದಾರಿಯಿಂದ ಆರಂಭಿಸಿ

ಚಾವಣಿಯ ಮೇಲೆ ಗಿಡ ನೆಟ್ಟು, ಸೌರಫಲಕಗಳನ್ನು ಕೂರಿಸಿ, ಎರಡೇ ಮಳೆಗಾಲಕ್ಕೆ ಕೆಳಗಿನ ಕೊಠಡಿಗಳು ಸೋರತೊಡಗಿದರೆ ಮೇಲಿದ್ದದ್ದನ್ನೆಲ್ಲ ಕಿತ್ತು ಮತ್ತೆ ಕಟ್ಟಬೇಕಾಗುತ್ತದೆ. ಹಾಗೆ ಕಿತ್ತು ಕಟ್ಟುವುದರಲ್ಲಿ ಹಾಳಾಗುವ ಸಾಮಗ್ರಿ ಮತ್ತು ಶ್ರಮವನ್ನು ಲೆಕ್ಕಕ್ಕೆ ಹಿಡಿದರೆ ಉಳಿತಾಯವೆಂಬುದು ಉಳಿಯುವುದೇ ಇಲ್ಲ. ಆದುದರಿಂದ ಶಾಲೆ, ಗ್ರಂಥಾಲಯ, ಆಸ್ಪತ್ರೆಯಂತಹ ಕಟ್ಟಡಕ್ಕೆ ಸುಸ್ಥಿರ ಚಾವಣಿಯನ್ನು ಯೋಜಿಸುವವರು ನೀರಿನ ದಾರಿಯನ್ನು ಮೊದಲು ನಿರ್ಧರಿಸಿ, ಹಸಿರು, ಬಿಸಿಲು, ವಿದ್ಯುತ್ತುಗಳ ವಿಚಾರವನ್ನು ಅದರ ನಂತರವೇ ಎತ್ತಿಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಹಳೆಯ ಕಟ್ಟಡವಾಗಿದ್ದರೆ ಸ್ಲ್ಯಾಬು, ತೊಲೆ, ಕಂಬಗಳು ಎಷ್ಟು ಹೆಚ್ಚುವರಿ ಭಾರ ಹೊರಬಲ್ಲವು ಎಂಬುದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಪರೀಕ್ಷಿಸಿ ಲಿಖಿತ ವರದಿ ಕೊಡುವ ತನಕ ಯಾವ ನಕ್ಷೆಯನ್ನೂ ಅಂತಿಮಗೊಳಿಸಬಾರದು. ಲೆಕ್ಕ ಸರಳವಾದದ್ದು: ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರ್, ಅಂದರೆ ಒಂದು ಕಿಲೊ. 100 ಮಿ.ಮೀ. ನೀರು ಕಟ್ಟಿಕೊಂಡರೆ ಪ್ರತಿ ಚದರ ಮೀಟರಿಗೆ 100 ಕಿಲೊ ಬಿತ್ತು. ತೋಟದ ಸಾಮಾನ್ಯ ಮಣ್ಣನ್ನು ಅಷ್ಟೇ ದಪ್ಪಕ್ಕೆ ಹರಡಿದರೆ, ಅದು ಪೂರ್ತಿ ನೆನೆದಾಗ 180ರಿಂದ 200 ಕಿಲೊ ತೂಗುತ್ತದೆ. ಚಾವಣಿಗೆಂದೇ ತಯಾರಿಸುವ ಹಗುರ ಮಿಶ್ರಣ ಇದಕ್ಕಿಂತ ಸಾಕಷ್ಟು ಕಡಿಮೆ ತೂಗುತ್ತದೆಯಾದರೂ, ಲೆಕ್ಕಕ್ಕೆ ಹಿಡಿಯಬೇಕಾದದ್ದು ಯಾವಾಗಲೂ ನೀರು ಕುಡಿದ ತೂಕವನ್ನೇ. ಎಲ್ಲ ಕಡೆಯೂ ಒಂದೇ ದಪ್ಪದ ಮಣ್ಣು ಇರಬೇಕೆಂದೇನೂ ಇಲ್ಲ: ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಚಿಕಾಗೊ ನಗರಾಡಳಿತ ಭವನದ ಮೇಲೆ 2001ರಲ್ಲಿ ಸಿದ್ಧವಾದ ತೋಟದಲ್ಲಿ ತೆಳು ಹಾಸೂ ಇದೆ, ಆಳದ ಮಣ್ಣೂ ಇದೆ. ಕಂಬ ಮತ್ತು ತೊಲೆಗಳ ನೇರ ಮೇಲಕ್ಕೆ ಭಾರದ ಭಾಗಗಳು ಬರುವಂತೆ ವಿನ್ಯಾಸ ಮಾಡುವುದು ಯಾವ ಕಟ್ಟಡಕ್ಕಾದರೂ ಒಳ್ಳೆಯದು.

ಮೇಲೆ ಏನಿರಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಕೆಲವರಿಗೆ ನಿರಾಸೆ ತರಬಹುದು. ಬಿಸಿ ಪ್ರದೇಶದ ಬಹಳಷ್ಟು ಕಟ್ಟಡಗಳಿಗೆ ಒಳ್ಳೆಯ ಶಾಖನಿರೋಧಕ ಪದರ, ಅದರ ಮೇಲೆ ಬಿಳಿ ಮೇಲ್ಮೈ, ಜೊತೆಗೆ ಸೌರಫಲಕಗಳು ಇದ್ದರೆ ಸಾಕು. ತೋಟವನ್ನು ನೋಡಿಕೊಳ್ಳುವವರು ಖಚಿತವಾಗಿ ಇದ್ದಲ್ಲಿ ಮಾತ್ರ ತೋಟ ಮಾಡಬೇಕು. ಬಿಳಿ ಬಣ್ಣ ಧೂಳು ಕೂತಂತೆ ಮಂಕಾಗುವುದರಿಂದ ಅದನ್ನು ತೊಳೆಯಲು ಚಾವಣಿಯ ಮೇಲೆಯೇ ಒಂದು ನಲ್ಲಿ ಇರಲಿ. ಚಳಿ ಹೆಚ್ಚಿರುವ ಕಡೆ ಬಿಳಿ ಚಾವಣಿ ಕೋಣೆ ಕಾಯಿಸುವ ಖರ್ಚನ್ನು ಹೆಚ್ಚಿಸಬಹುದು, ಹಾಗಾಗಿ ಅಲ್ಲಿ ನಿರೋಧಕ ಪದರದ ದಪ್ಪಕ್ಕೇ ಹಣ ಹಾಕುವುದು ಲೇಸು. ಸಾರ್ವಜನಿಕ ಕಟ್ಟಡಗಳು ಹೆಚ್ಚಾಗಿ ಹಗಲಿನಲ್ಲೇ ಬಳಕೆಯಾಗುವುದರಿಂದ ಸೌರವಿದ್ಯುತ್ತು ಬ್ಯಾಟರಿಯ ಹಂಗಿಲ್ಲದೆ ನೇರವಾಗಿ ಖರ್ಚಾಗುತ್ತದೆ, ಮತ್ತು ಈ ಅನುಕೂಲ ಮನೆಗಳಿಗಿಂತ ಇಲ್ಲಿ ಹೆಚ್ಚು.

ಚಪ್ಪಟೆ ಚಾವಣಿ ನೋಡಲು ಚಪ್ಪಟೆಯಾಗಿದ್ದರೂ ವಾಟ ಇರಲೇಬೇಕು. 100 ಅಡಿಗೆ 1 ಅಡಿ ಇಳಿಜಾರು ಕನಿಷ್ಠ ಮಿತಿ. ಕಾಂಕ್ರೀಟು ಕಾಲಕ್ರಮೇಣ ಸ್ವಲ್ಪ ಬಾಗುವುದನ್ನು ಎಣಿಸಿ, 80ಕ್ಕೆ 1ರಂತೆ ವಿನ್ಯಾಸ ಮಾಡುವುದು ಸುರಕ್ಷಿತ. ಪ್ರತಿ ಭಾಗಕ್ಕೂ ಕನಿಷ್ಠ ಎರಡು ನೀರ್ಗಂಡಿಗಳು, ಅಂದರೆ ನೀರು ಇಳಿದುಹೋಗುವ ಬಾಯಿಗಳು, ಇರಲಿ, ಏಕೆಂದರೆ ಒಂದರ ಬಾಯಿಗೆ ಎಲೆ ಅಡ್ಡ ಬಂದರೂ ಇನ್ನೊಂದು ಕೆಲಸ ಮಾಡುತ್ತಿರುತ್ತದೆ. ಇವೆಲ್ಲ ಕಟ್ಟಿಕೊಂಡಾಗಲೂ ಭಾರ ಮಿತಿಮೀರದಂತೆ, ಅಂಚಿನ ಗೋಡೆಯಲ್ಲಿ ಸ್ವಲ್ಪ ಎತ್ತರಕ್ಕೆ ತುಂಬಿಹರಿವಿನ ಕಿಂಡಿಗಳನ್ನು ಬಿಡಬೇಕು, ಮತ್ತು ಅಲ್ಲಿಂದ ಸುರಿಯುವ ನೀರು ಜನರ ಕಣ್ಣಿಗೆ ಬೀಳುವಂತಿರಬೇಕು. ಕೆಳಗೆ ಓಡಾಡುವವರು ಅದನ್ನು ಕಂಡು ಹೇಳಿದರೆ ಮೇಲೆ ಏನೋ ಕಟ್ಟಿಕೊಂಡಿದೆ ಎಂದು ತಿಳಿಯುತ್ತದೆ.

ನೀರುನಿರೋಧಕ ಪದರದ ಕೆಲಸದಲ್ಲಿ ಆತುರ ಸಲ್ಲದು. ಸ್ಲ್ಯಾಬು ಒಣಗಿದೆಯೇ ಎಂದು ತಿಳಿಯಲು ಅರ್ಧ ಮೀಟರ್ ಅಗಲದ ಪ್ಲಾಸ್ಟಿಕ್ ಹಾಳೆಯೊಂದನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಇಡೀ ರಾತ್ರಿ ಬಿಡಿ. ಬೆಳಗ್ಗೆ ಅದರ ಒಳಮೈಯಲ್ಲಿ ಹನಿಗಳು ಕಂಡರೆ ಇನ್ನೂ ಕಾಯಬೇಕು. ಸೋರಿಕೆ ಮೈದಾನದಂತಹ ಬಯಲಿನಲ್ಲಿ ಶುರುವಾಗುವುದು ಅಪರೂಪ. ಅದು ಶುರುವಾಗುವುದು ಗೋಡೆಯ ಬುಡ, ಪೈಪು ತೂರಿದ ಜಾಗ, ನೀರ್ಗಂಡಿಯ ಅಂಚುಗಳಲ್ಲಿ. ಗೋಡೆಯ ಬುಡದ ಚೌಕ ಮೂಲೆಯಲ್ಲಿ ಹಾಳೆಯನ್ನು ಮಡಿಸಿದರೆ ಆ ಮಡಿಕೆ ಬಿರಿಯುತ್ತದೆ, ಆದ್ದರಿಂದ ಮೊದಲು ಗಾರೆಯಿಂದ ಮೂಲೆಯನ್ನು ದುಂಡಗೆ ಮಾಡಿ, ನಂತರ ಪದರವನ್ನು ಗೋಡೆಯ ಮೇಲೆ ಕನಿಷ್ಠ 150 ಮಿ.ಮೀ. ಏರಿಸಬೇಕು. ಈ ಎತ್ತರವನ್ನು ಮಣ್ಣು, ಜಲ್ಲಿಗಳೆಲ್ಲ ಬಿದ್ದ ಮೇಲಿನ ಮಟ್ಟದಿಂದ ಅಳೆಯಬೇಕೇ ಹೊರತು ಸ್ಲ್ಯಾಬಿನಿಂದಲ್ಲ. ಇದನ್ನು ಮರೆತ ಚಾವಣಿಗಳಲ್ಲಿ ಒದ್ದೆ ಮಣ್ಣು ಪದರದ ತುದಿಯನ್ನೂ ದಾಟಿ ಗೋಡೆಗೆ ಒರಗಿರುತ್ತದೆ. ಸೌರಫಲಕದ ಕಾಲುಗಳಿಗೆ ಬೇಕಾದ ಕಾಂಕ್ರೀಟ್ ಪೀಠಗಳನ್ನು ಬೋಲ್ಟುಗಳ ಸಮೇತ ಮೊದಲೇ ಎರಕ ಹೊಯ್ದು, ಪದರವನ್ನು ಅವುಗಳ ಸುತ್ತ ಏರಿಸಿ ಮುಚ್ಚಿ. ಪದರ ಹಾಕಿದ ಮೇಲೆ ಡ್ರಿಲ್ ಹಿಡಿದು ಯಾರೂ ಚಾವಣಿ ಹತ್ತಕೂಡದು.

ಇನ್ನು ಪರೀಕ್ಷೆ. ನೀರ್ಗಂಡಿಗಳನ್ನು ಮುಚ್ಚಿ, ಭಾರದ ಮಿತಿಯೊಳಗೆ 25ರಿಂದ 50 ಮಿ.ಮೀ. ನೀರು ನಿಲ್ಲಿಸಿ, ಗೋಡೆಯ ಮೇಲೆ ಮಟ್ಟವನ್ನು ಪೆನ್ಸಿಲಿನಿಂದ ಗೆರೆ ಎಳೆದು ಗುರುತಿಸಿ, 48 ಗಂಟೆಯಾದರೂ ಬಿಡಬೇಕು. ಪಕ್ಕದಲ್ಲೇ ನೀರು ತುಂಬಿದ ಅಗಲ ಬಾಯಿಯ ಬಕೆಟ್ಟೊಂದನ್ನಿಟ್ಟು ಅದರಲ್ಲೂ ಗೆರೆ ಹಾಕಿ: ಬಕೆಟ್ಟಿನಲ್ಲಿ ಇಳಿದಷ್ಟೇ ಚಾವಣಿಯಲ್ಲೂ ಇಳಿದಿದ್ದರೆ ಅದು ಬಿಸಿಲಿಗೆ ಆರಿದ ನೀರು, ಅದಕ್ಕಿಂತ ಗಣನೀಯವಾಗಿ ಹೆಚ್ಚು ಇಳಿದಿದ್ದರೆ ಎಲ್ಲೋ ದಾರಿ ಸಿಕ್ಕಿದೆ. ಕೆಳಗಿನ ಕೊಠಡಿಗಳ ಸೂರನ್ನೂ ಟಾರ್ಚು ಹಿಡಿದು ನೋಡಿ. ಈ ಪರೀಕ್ಷೆ ಮುಗಿಯದೆ ಮೇಲಿನ ಒಂದು ಪದರವನ್ನೂ ಹಾಕಲು ಗುತ್ತಿಗೆದಾರರಿಗೆ ಅನುಮತಿ ಕೊಡಬೇಡಿ.

ಶಾಖನಿರೋಧಕ ಹಲಗೆಗಳನ್ನು ನೀರುನಿರೋಧಕ ಪದರದ ಮೇಲೆಯೇ ಇಟ್ಟರೆ ಎರಡು ಲಾಭ. 30 ಮೀಟರ್ ಉದ್ದದ ಸ್ಲ್ಯಾಬಿನ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು 9 ಮಿ.ಮೀ. ಹಿಗ್ಗುತ್ತದೆ, ಹಲಗೆಗಳು ಬಿಸಿಲನ್ನು ತಡೆದಾಗ ಈ ಎಳೆದಾಟವೂ ಕಡಿಮೆಯಾಗಿ, ಕೆಳಗಿನ ಪದರ ಬಹುಕಾಲ ಬಾಳುತ್ತದೆ. ಆದರೆ ಅಲ್ಲಿಗೆ ನೀರು ಹೀರದ ಬಗೆಯ ಹಲಗೆಯೇ ಬೇಕು. ಗಿಡ ಬೆಳೆಸುವುದಾದರೆ ಬೇರು ತಡೆಯುವ ಹಾಳೆ, ನೀರು ಬಸಿಯುವ ಪದರ, ಸೋಸುವ ಬಟ್ಟೆ, ಆಮೇಲೆ ಮಣ್ಣು ಎಂಬ ಕ್ರಮವನ್ನು ಪಾಲಿಸಿ, ಗೋಡೆ ಮತ್ತು ನೀರ್ಗಂಡಿಗಳ ಸುತ್ತ 300ರಿಂದ 500 ಮಿ.ಮೀ. ಅಗಲಕ್ಕೆ ಜಲ್ಲಿಯ ಪಟ್ಟಿಯನ್ನಷ್ಟೇ ಬಿಡಿ. ಮಣ್ಣಿನ ಮೂಲಕ ಇಳಿದ ನೀರಿಗೆ ಬಣ್ಣ ಬರುವುದರಿಂದ ಅದು ಶೌಚಾಲಯಕ್ಕೂ ಗಿಡಗಳಿಗೂ ಆದೀತು. ಶುದ್ಧ ಸಂಗ್ರಹಕ್ಕೆ ಬಿಳಿ ಭಾಗದ ನೀರನ್ನೇ ಬೇರೆ ಪೈಪಿನಲ್ಲಿ ತರಬೇಕು. 500 ಚದರ ಮೀಟರ್ ಚಾವಣಿಗೆ 20 ಮಿ.ಮೀ. ಮಳೆ ಬಿದ್ದರೆ 10,000 ಲೀಟರ್; ಅದರಲ್ಲಿ ಮೊದಲ ಒಂದೆರಡು ಮಿಲಿಮೀಟರ್ ಕೊಳೆ ನೀರನ್ನು ಹೊರಗೆ ಬಿಟ್ಟು ಉಳಿದದ್ದನ್ನು ತೊಟ್ಟಿಗೆ ಹಾಯಿಸಿ.

ಹಸ್ತಾಂತರದ ಹೊತ್ತಿಗೆ, ಮುಚ್ಚಿಹೋದ ಪ್ರತಿ ಪದರದ ಫೋಟೊಗಳೂ ಪೈಪು ಮತ್ತು ನೀರ್ಗಂಡಿಗಳ ನಿಖರ ಅಳತೆಯಿರುವ ನಕ್ಷೆಯೂ ಕಟ್ಟಡದ ಕಚೇರಿಯ ಕಡತದಲ್ಲಿರಬೇಕು, ಮತ್ತು ಚಾವಣಿಯ ಹೊಣೆ ಹೊತ್ತ ಸಿಬ್ಬಂದಿಯ ಹೆಸರು ಅದರ ಮೊದಲ ಪುಟದಲ್ಲಿರಬೇಕು. ಅವರು ಹತ್ತಲು ಏಣಿಯ ಬದಲು ಮೆಟ್ಟಿಲನ್ನೂ, ನಿಲ್ಲಲು ಅಂಚಿನಲ್ಲಿ ಭದ್ರವಾದ ಕಂಬಿಯನ್ನೂ ಕೊಡಿ. ಮಳೆಗಾಲಕ್ಕೆ ಮುಂಚೆ ಒಮ್ಮೆ ನೀರ್ಗಂಡಿಗಳನ್ನು ಬರಿಗೈಯಿಂದ ಬಾಚಿ ಸ್ವಚ್ಛಗೊಳಿಸಿ, ಮೊದಲ ದೊಡ್ಡ ಮಳೆ ನಿಂತ ಅರ್ಧ ಗಂಟೆಯೊಳಗೆ ಅವರು ಮೇಲೆ ಹೋಗಿ, ನೀರು ಇನ್ನೂ ನಿಂತಿರುವ ಜಾಗಗಳ ಸುತ್ತ ಸೀಮೆಸುಣ್ಣದಿಂದ ಗುರುತು ಹಾಕಿ ಬರಲಿ.